ಸೋಮಾರಿಗಳ ಊರು ಎಂಬ ಅಪವಾದ

ಸಂಜೆಯ ಹೊತ್ತು ನಮ್ಮ ಬಡಾವಣೆಯ ಉದ್ಯಾನದಲ್ಲಿ ಸೇರುವ ನಿವೃತ್ತರ ಮಂಡಳಿಗೆ ಕಳೆದ ವಾರ ಹೊಸ ವಿಷಯವೊಂದು ದೊರೆಯಿತು. ಮಿತ್ರರೊಬ್ಬರು ಪತ್ನೀಸಮೇತರಾಗಿ ಹನ್ನೆರಡು ದಿನಗಳಲ್ಲಿ ಐದು ದೇಶಗಳ ಪ್ರವಾಸ ಮುಗಿಸಿ ಬಂದಿದ್ದರು. ಸ್ವಿಟ್ಜರ್ಲೆಂಡಿನ ಶುಚಿತ್ವ, ಜರ್ಮನಿಯ ಶಿಸ್ತು ಇವುಗಳ ವರ್ಣನೆ ಮುಗಿದ ಮೇಲೆ ಸ್ಪೇನಿನ ಸರದಿ ಬಂತು. "ಮೇಷ್ಟ್ರೇ, ದಕ್ಷಿಣ ಸ್ಪೇನಿನವರಂಥ ಸೋಮಾರಿಗಳನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಮಧ್ಯಾಹ್ನ ಆಯಿತೆಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಇಂಥವರು ಉದ್ಧಾರವಾಗುವುದುಂಟೇ?" ಎಂದರು. ಉಳಿದವರೆಲ್ಲ ತಲೆದೂಗಿದರು. ನಾನು ಏನೂ ಹೇಳದೆ ಎದ್ದು ಬಂದೆ. ಹಾಗೆ ಸುಮ್ಮನೆ ಬಂದದ್ದು ತಪ್ಪೆಂದು ರಾತ್ರಿಯೆಲ್ಲ ಅನ್ನಿಸುತ್ತಲೇ ಇತ್ತು. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ಈ ಬರಹ.

ನನ್ನ ಮಗಳು ಮಾಡ್ರಿಡ್‌ನಲ್ಲಿ ಉದ್ಯೋಗದಲ್ಲಿದ್ದಾಳೆ. ಒಂದು ಜುಲೈ ತಿಂಗಳಲ್ಲಿ ಅವಳೊಡನೆ ದಕ್ಷಿಣದ ಆಂಡಲೂಸಿಯಾ ಪ್ರಾಂತಕ್ಕೆ ಹೋಗುವ ಅವಕಾಶ ಒದಗಿತ್ತು. ಸೆವಿಲ್ಯಾ ನಗರದಲ್ಲಿ ಎರಡು ದಿನ ಜನಜಂಗುಳಿಯ ನಡುವೆ ನುಗ್ಗಾಡಿ ನಾನು ದಣಿದಿದ್ದೆ. "ಅಪ್ಪಾ, ಇಲ್ಲೇ ಮೂವತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿ ಕಾರ್ಮೋನಾ ಅಂತ ಒಂದು ಸಣ್ಣ ಊರಿದೆ, ಅಲ್ಲಿ ಮೂರು ದಿನ ಇರೋಣ" ಎಂದು ಮಗಳು ಹೇಳಿದಾಗ ಸಂತೋಷದಿಂದ ಒಪ್ಪಿದೆ.

ಕಾರ್ಮೋನಾ ಗೋಧಿ ಮತ್ತು ಸೂರ್ಯಕಾಂತಿ ಬೆಳೆಯುವ ವಿಶಾಲವಾದ ಬಯಲಿನ ಅಂಚಿನಲ್ಲಿ, ದಿಣ್ಣೆಯ ಮೇಲೆ ಕುಳಿತಿರುವ ಊರು. ಜನಸಂಖ್ಯೆ ಮೂವತ್ತು ಸಾವಿರಕ್ಕೂ ಕಡಿಮೆ. ಸೆವಿಲ್ಯಾ ಬಾಗಿಲು ಎಂದು ಕರೆಯುವ ಅದರ ಕೋಟೆಬಾಗಿಲಿನಲ್ಲಿ ಕಾರ್ಥೇಜಿನವರು, ರೋಮನ್ನರು, ಅರಬರು ಒಬ್ಬರ ಮೇಲೊಬ್ಬರು ಕಟ್ಟಿದ ಕಲ್ಲುಗಳನ್ನು ಈಗಲೂ ಬೇರೆಬೇರೆಯಾಗಿ ಗುರುತಿಸಬಹುದು. ಈ ಪ್ರಾಂತದಲ್ಲೇ ಅತ್ಯಂತ ಬಲಿಷ್ಠವಾದ ಪಟ್ಟಣವೆಂದು ಜೂಲಿಯಸ್ ಸೀಸರ್ ಇದನ್ನು ಬಣ್ಣಿಸಿದ್ದಾನೆ. 1247ರಲ್ಲಿ ಊರು ಕ್ರೈಸ್ತ ದೊರೆ ಮೂರನೆಯ ಫರ್ಡಿನಾಂಡನ ವಶವಾಯಿತು. ಮಸೀದಿಯ ಜಾಗದಲ್ಲಿ ಸಾಂತಾ ಮರಿಯಾ ಚರ್ಚು ಎದ್ದಿತು. ಆದರೂ ಮಸೀದಿಯ ಕಿತ್ತಳೆಮರಗಳ ಅಂಗಳವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಊರ ಹೊರಗೆ ಬಂಡೆಯಲ್ಲಿ ಕೊರೆದ ರೋಮನ್ ಸಮಾಧಿಗಳಿವೆ. 1885ರಿಂದಲೇ ಅವು ಸಾರ್ವಜನಿಕರಿಗೆ ತೆರೆದಿವೆ. ಅವುಗಳಲ್ಲೊಂದರ ಹೆಸರು ಆನೆಯ ಸಮಾಧಿ. ಅಲ್ಲಿ ದೊರೆತ ಕಲ್ಲಿನ ಆನೆಯಿಂದಾಗಿ ಆ ಹೆಸರು ಬಂದಿದೆ. ಅಷ್ಟು ದೂರದಲ್ಲಿ ಗಜರಾಜನ ದರ್ಶನವಾದದ್ದು ನನಗೆ ತವರಿನವರನ್ನು ಕಂಡಂತಾಯಿತು.

ಇವನ್ನೆಲ್ಲ ನಾವು ನೋಡಿದ್ದು ಬೆಳಗಿನ ಹೊತ್ತಿನಲ್ಲಿ. ಮಧ್ಯಾಹ್ನ ಎರಡರ ಸುಮಾರಿಗೆ ಅಂಗಡಿಗಳ ಬಾಗಿಲು ಒಂದೊಂದಾಗಿ ಇಳಿದವು. ಊಟದ ಮನೆಗಳು ತುಂಬಿದವು. ಕಡಲೆಕಾಳು ಹಾಕಿ ಬೇಯಿಸಿದ ಪಾಲಕ್ ಸೊಪ್ಪಿನ ಪಲ್ಯ ಅಲ್ಲಿನ ಜನಪ್ರಿಯ ಖಾದ್ಯ. ಜೀರಿಗೆಯ ಪರಿಮಳವೂ ಇದ್ದುದರಿಂದ ನನ್ನಂಥ ಸಸ್ಯಾಹಾರಿಗೆ ಪರದೇಶವೆನ್ನಿಸಲಿಲ್ಲ. ನಾಲ್ಕು ಗಂಟೆಯ ವೇಳೆಗೆ ಮಾತ್ರ ನಮ್ಮ ಮಿತ್ರರು ಹೇಳಿದಂತೆಯೇ ಬೀದಿಗಳು ಬಿಕೋ ಎನ್ನುತ್ತಿದ್ದವು. ಮೊದಲ ದಿನ ನನಗೂ ಮನಸ್ಸಿನಲ್ಲಿ ಮೂಡಿದ್ದು ಅದೇ ಪದ: ಸೋಮಾರಿಗಳು.

ಆದರೆ ಮೂವತ್ತು ವರ್ಷ ಭೂಗೋಳ ಬೋಧಿಸಿದವನು ನಾನು. ರೇಖಾಂಶ ಮತ್ತು ವೇಳೆಯ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬಿಡಿಸಿದ್ದೇನೋ! ಆ ದಿನ ಅದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ. ಕಾರ್ಮೋನಾ ಇರುವುದು ಗ್ರೀನಿಚ್‌ನಿಂದ ಪಶ್ಚಿಮಕ್ಕೆ ಐದೂವರೆ ಡಿಗ್ರಿಗೂ ತುಸು ಆಚೆ. ಅಂದರೆ ಅದು ಲಂಡನ್ನಿಗಿಂತಲೂ ಪಶ್ಚಿಮ. ಆದರೆ ಸ್ಪೇನಿನ ಗಡಿಯಾರ ತೋರಿಸುವುದು ಬರ್ಲಿನ್ನಿನ ವೇಳೆಯನ್ನು. 1940ರ ಮಾರ್ಚ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಯುದ್ಧ ಮುಗಿದ ಮೇಲೂ ಅವು ಹಿಂದಕ್ಕೆ ಬರಲಿಲ್ಲ. ಆ ವೇಳೆಗೆ ಆಧಾರವಾದ ಮಧ್ಯಾಹ್ನರೇಖೆ ಪೂರ್ವಕ್ಕೆ ಹದಿನೈದು ಡಿಗ್ರಿಯಲ್ಲಿದೆ. ಇಪ್ಪತ್ತು ಡಿಗ್ರಿಗೂ ಹೆಚ್ಚಿನ ಅಂತರಕ್ಕೆ, ಡಿಗ್ರಿಗೆ ನಾಲ್ಕು ನಿಮಿಷದಂತೆ, ಸುಮಾರು 82 ನಿಮಿಷ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಜುಲೈ ತಿಂಗಳಲ್ಲಿ ಕಾರ್ಮೋನಾದ ಸೂರ್ಯ ನೆತ್ತಿಯ ಮೇಲೆ ಬರುವಾಗ ಗಡಿಯಾರದಲ್ಲಿ ಸುಮಾರು ಎರಡೂವರೆ! ಬೆಂಗಳೂರಿನಲ್ಲಿ ನಮ್ಮ ಗಡಿಯಾರಕ್ಕೂ ಸೂರ್ಯನಿಗೂ ಇರುವ ಅಂತರ ಇಪ್ಪತ್ತು ನಿಮಿಷದ ಆಸುಪಾಸು. ಅಲ್ಲಿ ಸುಮಾರು ಎರಡೂವರೆ ಗಂಟೆ. ಅವರು ಎರಡೂವರೆಗೆ ಉಣ್ಣುವುದು ತಡವಾಗಿ ಅಲ್ಲ, ಸೂರ್ಯನ ಲೆಕ್ಕದಲ್ಲಿ ಸರಿಯಾಗಿ ನಡುಹಗಲಿಗೆ. ನಾಲ್ಕು ಗಂಟೆ ಎಂದು ನಮ್ಮ ಮಿತ್ರರು ಮೂಗು ಮುರಿದ ಹೊತ್ತು ನಿಜಕ್ಕೂ ಒಂದೂವರೆಯ ಉರಿಬಿಸಿಲು.

ಆ ಬಿಸಿಲಾದರೂ ಎಂಥದು? ನೆರೆಯ ಎಸಿಹಾ ಪಟ್ಟಣಕ್ಕೆ "ಆಂಡಲೂಸಿಯಾದ ಬಾಣಲೆ" ಎಂಬ ಅಡ್ಡಹೆಸರೇ ಇದೆ. 2021ರ ಆಗಸ್ಟ್‌ನಲ್ಲಿ ಪಕ್ಕದ ಕಾರ್ದೋಬಾ ಜಿಲ್ಲೆಯ ಲಾ ರಾಂಬ್ಲಾದಲ್ಲಿ 47.6 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಚಂಡಮಾರುತಗಳಿಗೆ ಹೆಸರಿಡುವಂತೆ ಬಿಸಿಗಾಳಿಯ ಅಲೆಗಳಿಗೂ ಹೆಸರಿಡುವ ಪದ್ಧತಿಯನ್ನು ಸೆವಿಲ್ಯಾ ನಗರ 2022ರಲ್ಲಿ ಆರಂಭಿಸಿತು. ಇಂಥ ನೆಲದಲ್ಲಿ ನಡುಹಗಲು ನೆರಳಿಗೆ ಸರಿಯುವುದು ವಿವೇಕವಲ್ಲದೆ ಮತ್ತೇನು? ಸಿಯೆಸ್ತಾ ಎಂಬ ಪದವೇ ಲ್ಯಾಟಿನ್ನಿನ "ಆರನೆಯ ಗಂಟೆ" ಎಂಬುದರಿಂದ ಬಂದದ್ದು. ಸೂರ್ಯೋದಯದಿಂದ ಎಣಿಸಿದರೆ ಅದು ನಡುಹಗಲು. ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯಿದೆ. ಅದನ್ನು ನಾವು ಸೋಮಾರಿತನವೆನ್ನುವುದಿಲ್ಲ, ಬೇಸಿಗೆಯ ವೇಳಾಪಟ್ಟಿ ಎನ್ನುತ್ತೇವೆ.

ಎರಡನೆಯ ದಿನ ತರಕಾರಿ ಅಂಗಡಿಯ ಹೆಂಗಸೊಬ್ಬಳನ್ನು ಮಗಳು ಮಾತಿಗೆ ಎಳೆದಳು. ಆಕೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಎರಡಕ್ಕೆ ಮುಚ್ಚುತ್ತಾಳೆ. ಮತ್ತೆ ಐದೂವರೆಗೆ ತೆರೆದರೆ ರಾತ್ರಿ ಒಂಬತ್ತರವರೆಗೆ. ಕೂಡಿಸಿ ನೋಡಿ: ಒಂಬತ್ತೂವರೆ ಗಂಟೆ. ಮಧ್ಯಾಹ್ನ ಮಲಗುತ್ತೀರಾ ಎಂದು ಕೇಳಿದ್ದಕ್ಕೆ ಆಕೆ ನಕ್ಕು, ಅಡುಗೆ ಮಾಡಿ, ತಾಯಿಗೆ ಉಣ್ಣಿಸಿ, ಪಾತ್ರೆ ತೊಳೆಯುವಷ್ಟರಲ್ಲಿ ಹೊತ್ತಾಗಿರುತ್ತದೆ ಎಂದಳು. ನಮ್ಮ ಮಿತ್ರರು ಆ ಮುಚ್ಚಿದ ಬಾಗಿಲನ್ನಷ್ಟೇ ಕಂಡರು. ಅದರ ಹಿಂದೆ ಒಲೆಯ ಮುಂದೆ ನಿಂತವಳನ್ನು ಕಾಣಲಿಲ್ಲ. ಒಇಸಿಡಿ ಸಂಸ್ಥೆಯ ಅಂಕಿಅಂಶಗಳಂತೆ ಸ್ಪೇನಿನ ದುಡಿಮೆಗಾರ ಜರ್ಮನಿಯವನಿಗಿಂತ ವರ್ಷಕ್ಕೆ ಸರಾಸರಿ ಇನ್ನೂರಕ್ಕೂ ಹೆಚ್ಚು ಗಂಟೆ ಅಧಿಕ ದುಡಿಯುತ್ತಾನೆ. ಜರ್ಮನಿಯಲ್ಲಿ ಅರೆಕಾಲಿಕ ಉದ್ಯೋಗಗಳು ಹೆಚ್ಚೆಂಬುದು ಇದಕ್ಕೊಂದು ಕಾರಣ ನಿಜ. ಆದರೂ ಮಲಗಿಕೊಂಡೇ ಇರುವವರ ಲೆಕ್ಕ ಹೀಗೆ ಬರಲಾರದು.

ಕಾರ್ಮೋನಾ ಸ್ವರ್ಗವೆಂದು ನಾನು ವಾದಿಸುತ್ತಿಲ್ಲ. ಆಂಡಲೂಸಿಯಾದಲ್ಲಿ ನಿರುದ್ಯೋಗ ದೇಶದ ಸರಾಸರಿಗಿಂತ ಹೆಚ್ಚು. ದೊಡ್ಡ ದೊಡ್ಡ ಜಮೀನುಗಳು ಕೆಲವರ ಕೈಯಲ್ಲಿ, ಅವುಗಳಲ್ಲಿ ದುಡಿಯುವವರು ದಿನಗೂಲಿಗಳು. ಇದು ಆ ಪ್ರಾಂತದ ಹಳೆಯ ವ್ಯಥೆ. ಎರಡು ತುಂಡಾದ ದುಡಿಮೆಯ ದಿನದಿಂದ ಸಂಜೆ ಮಕ್ಕಳ ಮುಖ ನೋಡಲಾಗದವರೂ ಇದ್ದಾರೆ. ಇವನ್ನು ಟೀಕಿಸಬೇಕಾದರೆ ಟೀಕಿಸೋಣ. ಆದರೆ ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ ದುಡಿಯುವವನನ್ನು ನೆರಳಿನಲ್ಲಿ ಕುಳಿತವರು ಸೋಮಾರಿ ಎಂದು ಕರೆಯುವುದಿದೆಯಲ್ಲ, ಅದು ಟೀಕೆಯಲ್ಲ, ಅನ್ಯಾಯ.

ಇನ್ನು ನಮ್ಮ ಪ್ರವಾಸದ ರೀತಿಯ ವಿಷಯ. ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ನಾವೀಗ ದೇಶ ಸುತ್ತುವುದು ಪುಸ್ತಕದ ಪರಿವಿಡಿಯನ್ನಷ್ಟೇ ಓದಿ ಮಡಚಿಡುವ ಹಾಗೆ. 2024ರಲ್ಲಿ ಸ್ಪೇನಿಗೆ ಸುಮಾರು ಒಂಬತ್ತು ಕೋಟಿ ನಲವತ್ತು ಲಕ್ಷ ವಿದೇಶಿ ಪ್ರವಾಸಿಗರು ಬಂದರು. ಅದೇ ವರ್ಷ ಜೂನ್‌ನಲ್ಲಿ ಮಲಾಗಾ ನಗರದ ಸಾವಿರಾರು ನಿವಾಸಿಗಳು, ಬಾಡಿಗೆಗೆ ಮನೆ ಸಿಗದಂತಾಗಿದೆ ಎಂದು ಬೀದಿಗಿಳಿದರು. ಮನೆಗಳೆಲ್ಲ ಪ್ರವಾಸಿಗರ ತಂಗುದಾಣಗಳಾಗುತ್ತಿವೆ ಎಂಬುದು ಅವರ ಅಳಲು. ಅವರ ಮನೆಗಳನ್ನು ಹೀಗೆ ಆಕ್ರಮಿಸಿದ್ದಲ್ಲದೆ, ನಾವು ಬಂದ ಗಳಿಗೆಗೆ ಅವರ ಅಂಗಡಿಯೂ ತೆರೆದಿರಬೇಕು ಎಂದು ಬಯಸುವುದು ಯಾವ ನ್ಯಾಯ? ಮಿತ್ರರು ಅಲ್ಲಿ ಇನ್ನು ಐದು ಗಂಟೆ ನಿಂತಿದ್ದರೆ ಸಾಕಿತ್ತು. ಬಿಸಿಲು ಇಳಿದ ಮೇಲೆ ಸಾನ್ ಫೆರ್ನಾಂದೋ ಚೌಕಕ್ಕೆ ಮುದುಕರು, ಕೂಸುಗಳು, ಹರೆಯದವರು ಎಲ್ಲರೂ ಬರುತ್ತಾರೆ. ರಾತ್ರಿ ಹತ್ತಕ್ಕೂ ಮಕ್ಕಳು ಚೆಂಡಾಡುತ್ತಿರುತ್ತಾರೆ. ಆ ಹೊತ್ತಿಗೆ ಅವರ ಬಸ್ಸು ಮುಂದಿನ ಊರು ಸೇರಿಯಾಗಿತ್ತು.

ಓದುಗ ಮಿತ್ರರೇ, ಒಂದು ಪದದ ಬಗ್ಗೆ ಈ ಮೇಷ್ಟ್ರಿಗೇಕೆ ಇಷ್ಟು ಕೋಪ ಎಂದು ನೀವು ಕೇಳಬಹುದು. ಬಹಳ ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಹಳ್ಳಿಯೊಂದರಲ್ಲಿ ನಾನು ಕಲಿಸುತ್ತಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಮಧ್ಯಾಹ್ನದ ಪಾಠದಲ್ಲಿ ದಿನವೂ ತೂಕಡಿಸುತ್ತಿದ್ದ. "ಸೋಮಾರಿ, ಎದ್ದು ಬೆಂಚಿನ ಮೇಲೆ ನಿಲ್ಲು" ಎಂದು ತರಗತಿಯ ಎದುರು ನಿಲ್ಲಿಸುತ್ತಿದ್ದೆ. ಒಂದೆರಡು ದಿನವಲ್ಲ, ಇಡೀ ಬೇಸಿಗೆ. ಪಂಪ್‌ಸೆಟ್ಟಿಗೆ ವಿದ್ಯುತ್ತು ಬರುತ್ತಿದ್ದದ್ದು ರಾತ್ರಿಯಲ್ಲಿ. ತಂದೆಯೊಡನೆ ಹೊಲಕ್ಕೆ ನೀರು ಕಟ್ಟಲು ಆತ ಬೆಳಗಿನ ಜಾವದವರೆಗೆ ಎಚ್ಚರವಿರುತ್ತಿದ್ದನೆಂದು ನನಗೆ ತಿಳಿಯುವ ಹೊತ್ತಿಗೆ ಅವನು ಶಾಲೆ ಬಿಟ್ಟಿದ್ದ. ಯಾಕೆ ನಿದ್ದೆ ಬರುತ್ತದೆ ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ.

ಕಾರ್ಮೋನಾದ ಆ ಖಾಲಿ ಬೀದಿಯಲ್ಲಿ, ಗೋಡೆಯ ಕಿರುನೆರಳಿನಲ್ಲಿ ನಿಂತಾಗ ನನಗೆ ನೆನಪಾದದ್ದು ಆ ಹುಡುಗನೇ. ಸೋಮಾರಿ ಎಂದುಬಿಡುವುದು ಸುಲಭ. ಅಂದ ಮೇಲೆ ಏನನ್ನೂ ತಿಳಿಯುವ ಶ್ರಮವಿಲ್ಲ. ಉದ್ಯಾನದ ಮಿತ್ರರು ಇದನ್ನು ಓದುತ್ತಾರೆಂದು ಬಲ್ಲೆ. ನಾಳೆ ಸಂಜೆ ನಾನು ಎದ್ದು ಬರುವುದಿಲ್ಲ. ಕಾಗದ, ಪೆನ್ಸಿಲು ತರುತ್ತೇನೆ. ಆ ರೇಖಾಂಶದ ಲೆಕ್ಕವನ್ನು ಎಲ್ಲರೂ ಕೂತು ಒಮ್ಮೆ ಮಾಡೋಣ.