‘ಟೈಂಪಾಸ್’ ಎಂಬ ಶಬ್ದದ ವಿಚಾರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಗಾಡಿಯು ರಾಮನಗರ, ಚನ್ನಪಟ್ಟಣಗಳನ್ನು ಹಾದುಹೋಗುವಾಗ ‘ಟೈಂಪಾಸ್ ಕಡ್ಲೆಕಾಯ್’ ಎಂಬ ಕೂಗನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ರೈಲುಮಾರ್ಗವಿಲ್ಲದ ಕನಕಪುರ, ಮಾಗಡಿಗಳ ಜನರಿಗೂ ಈ ಶಬ್ದವು ಅಪರಿಚಿತವಲ್ಲ. ಇಂಗ್ಲಿಷಿನ ಎರಡು ಪದಗಳನ್ನು ಕೂಡಿಸಿ ನಮ್ಮ ದೇಶದವರೇ ಮಾಡಿಕೊಂಡ ಈ ಸಮಾಸವು ಈಗ ಮನೆಯೊಳಕ್ಕೂ ಬಂದು, ಮಕ್ಕಳನ್ನು ಗದರಿಸುವ ಮಾತಾಗಿ ನಿಂತಿದೆ. ಆದಕಾರಣ ಇದರ ಅರ್ಥವನ್ನೂ ಪ್ರಯೋಗವನ್ನೂ ಈ ತಿಂಗಳು ವಿಚಾರಿಸುವುದು ಯುಕ್ತವೆಂದು ನಾವು ಎಣಿಸಿದ್ದೇವೆ.

ಇಂಗ್ಲಿಷಿನಲ್ಲಿ ‘ಪಾಸ್‌ಟೈಂ’ ಎಂಬ ಹಳೆಯ ಶಬ್ದವೊಂದುಂಟು. ಫ್ರೆಂಚರ ಶಬ್ದವೊಂದರ ಅಚ್ಚಿನಲ್ಲಿ ಎರಕಹೊಯ್ದ ಅದಕ್ಕೆ ವಿನೋದವೆಂದು ಅರ್ಥ. ಅದರಲ್ಲಿ ನಿಂದೆಯ ಸೋಂಕಿಲ್ಲ. ಅವೇ ಎರಡು ಪದಗಳು ಹಿಂದುಮುಂದಾಗಿ ‘ಟೈಂಪಾಸ್’ ಆದಮೇಲೆ ಮಾತ್ರ ವಿನೋದದ ಜೊತೆಗೆ ತಾತ್ಸಾರವೂ ಸೇರಿಕೊಂಡಿತು.

ನಮ್ಮ ಭಾಷೆಯಲ್ಲಿ ಇದಕ್ಕೆ ಮಾತುಗಳ ಬಡತನವೇನೂ ಇರಲಿಲ್ಲ. ಕಾಲಯಾಪನವೆಂದರೆ ಕಾಲವನ್ನು ಸಾಗಿಸುವುದು. ಕಾಲಹರಣವೆಂದರೆ ಅದನ್ನು ವ್ಯರ್ಥವಾಗಿ ಕಳೆಯುವುದು. ಕಾಲಕ್ಷೇಪದ ಕಥೆ ಇನ್ನೂ ಸ್ವಾರಸ್ಯವಾದುದು. ‘ಕ್ಷಿಪ್’ ಧಾತುವಿಗೆ ಎಸೆಯುವುದೆಂದು ಅರ್ಥ. ಕಾಳಿದಾಸನ ಮೇಘದೂತದಲ್ಲಿ ಈ ಶಬ್ದವು ದಾರಿಯಲ್ಲಿ ಆಗುವ ವಿಳಂಬವನ್ನು ಹೇಳುತ್ತದೆ. ಅದೇ ಶಬ್ದವು ನಮ್ಮ ಸೀಮೆಯಲ್ಲಿ ‘ಕಥಾಕಾಲಕ್ಷೇಪ’ವಾಗಿ, ಊರೆಲ್ಲ ಕುಳಿತು ಹರಿಕಥೆ ಕೇಳುವ ಸತ್ಕಾರ್ಯಕ್ಕೆ ಹೆಸರಾಯಿತು. ಕಳೆದ ಹೊತ್ತು ಒಂದೇ. ಅದರಲ್ಲಿ ನಡೆದ ಕೆಲಸವನ್ನು ನೋಡಿ ಜನರು ಅರ್ಥವನ್ನು ಮೇಲಕ್ಕೇರಿಸಿದರು. ಕನ್ನಡದಲ್ಲಿಯೂ ‘ಹೊತ್ತು ಕಳೆಯುವುದು’ ಬೇರೆ, ‘ಹೊತ್ತು ಹಾಳುಮಾಡುವುದು’ ಬೇರೆ.

ಟೈಂಪಾಸ್ ಎಂಬ ಒಂದೇ ಮಾತು ಈ ಭೇದಗಳನ್ನೆಲ್ಲ ನುಂಗಿದೆ. ಪ್ರಯಾಣದ ಬೇಸರವನ್ನು ಕಳೆಯುವ ಕಡಲೆಕಾಯಿಯೂ ಟೈಂಪಾಸ್. ಮನಸ್ಸಿಟ್ಟು ಮಾಡದ ಕೆಲಸವೂ ಟೈಂಪಾಸ್. ಅಡಿಗೆಮನೆಯ ಕೆಲಸ ಮುಗಿಸಿದ ಗೃಹಿಣಿಯು ಮಧ್ಯಾಹ್ನ ಅರ್ಧ ಗಳಿಗೆ ಪುಸ್ತಕ ಹಿಡಿದರೆ ಅದಕ್ಕೂ ಇದೇ ಹೆಸರು. ಇವುಗಳಲ್ಲಿ ಮೊದಲನೆಯದು ವಿನೋದ, ಎರಡನೆಯದು ಔದಾಸೀನ್ಯ, ಮೂರನೆಯದು ದುಡಿದವರಿಗೆ ಸಲ್ಲಬೇಕಾದ ವಿಶ್ರಾಂತಿ.

ನಾಲ್ಕನೆಯ ಪ್ರಯೋಗವೊಂದುಂಟು, ಗೃಹಸ್ಥರು ಲಕ್ಷ್ಯಕೊಡಬೇಕಾದುದು ಅದಕ್ಕೆ. ಕ್ರೇಗ್ ಜೆಫ್ರಿ ಎಂಬ ಭೂಗೋಳಶಾಸ್ತ್ರಜ್ಞರು ಉತ್ತರಪ್ರದೇಶದ ಮೀರತ್ ನಗರದ ವಿದ್ಯಾವಂತ ತರುಣರನ್ನು ಕುರಿತು 2010ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ಟೈಂಪಾಸ್’ ಎಂದೇ ಹೆಸರಿಟ್ಟರು. ಓದು ಮುಗಿದರೂ ತಕ್ಕ ಉದ್ಯೋಗ ದೊರೆಯದೆ ಕಾಯುತ್ತಿದ್ದ ಆ ಹುಡುಗರು ತಮ್ಮ ದಿನಗಳನ್ನು ಆ ಶಬ್ದದಿಂದಲೇ ಕರೆದುಕೊಳ್ಳುತ್ತಿದ್ದರು. ಬಾಯಿಗೆ ಹಗುರವಾದ ಮಾತಿನ ಕೆಳಗೆ ಭಾರವಾದ ನಿರಾಶೆಯಿತ್ತು. ಅಂಥ ತರುಣರು ನಮ್ಮ ನಾಲ್ಕು ಊರುಗಳಲ್ಲಿಯೂ ಇಲ್ಲದಿಲ್ಲ. ಅರ್ಜಿ ಹಾಕಿ ಉತ್ತರಕ್ಕಾಗಿ ಕಾದಿರುವ ಮಗನನ್ನು ತಂದೆಯು ‘ಬರೀ ಟೈಂಪಾಸ್ ಮಾಡುತ್ತೀಯೆ’ ಎಂದು ಹತ್ತು ಜನರೆದುರಿಗೆ ಆಡಿದರೆ, ಕಾಯುವವನಿಗೆ ಸೋಮಾರಿಯ ಪಟ್ಟ ಕಟ್ಟಿದಂತಾಗುತ್ತದೆ. ಆ ಮಾತನ್ನು ದಿನವೂ ಕೇಳಿದವನು ಕೊನೆಗೆ ಅದನ್ನೇ ನಂಬಿಬಿಡುವ ಅಪಾಯವುಂಟು.

ಈ ಪ್ರಾಂತ್ಯದ ರೇಷ್ಮೆ ಬೆಳೆಗಾರರು ಇದಕ್ಕೆ ಒಳ್ಳೆಯ ದೃಷ್ಟಾಂತವನ್ನು ಕೊಡಬಲ್ಲರು. ರೇಷ್ಮೆಹುಳುವು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಇದನ್ನು ‘ಜ್ವರ’ವೆಂದು ರೈತರು ಕರೆಯುತ್ತಾರೆ. ಆಗ ಹುಳುವು ಸುಮಾರು ಒಂದು ದಿನದ ಕಾಲ ತಲೆಯೆತ್ತಿ ಅಲುಗದೆ ನಿಲ್ಲುತ್ತದೆ, ಸೊಪ್ಪನ್ನು ಮುಟ್ಟುವುದಿಲ್ಲ. ಅರಿಯದವನಿಗೆ ಅದು ಸುಮ್ಮನಿರುವಂತೆ ತೋರುತ್ತದೆ. ಒಳಗೆ ಹೊಸ ಚರ್ಮವು ಸಿದ್ಧವಾಗುತ್ತಿರುವುದನ್ನು ಬಲ್ಲ ರೈತನು ಸೊಪ್ಪು ಹಾಕುವುದನ್ನು ನಿಲ್ಲಿಸಿ, ತಟ್ಟೆಯನ್ನು ಕದಲಿಸದೆ ಕಾಯುತ್ತಾನೆ. ಆ ಹೊತ್ತಿನಲ್ಲಿ ಕೈಹಾಕಿದರೆ ಬೆಳೆಗೆ ಹಾನಿ. ಜ್ವರ ಎದ್ದಮೇಲೆ ಮಾತ್ರ ಸೊಪ್ಪು ತಪ್ಪಿಸುವಂತಿಲ್ಲ. ಆಗ ತಡಮಾಡಿದರೆ ಅದು ನಿಜವಾದ ಕಾಲಹರಣ.

ಹಾಗೆಂದು ಎಲ್ಲ ಆಲಸ್ಯಕ್ಕೂ ವಿಶ್ರಾಂತಿಯೆಂಬ ಹೊದಿಕೆಯನ್ನು ಹೊದಿಸಬೇಕೆಂದು ನಾವು ಹೇಳುವುದಿಲ್ಲ. ಕೈಯಲ್ಲಿ ಕೆಲಸವಿದ್ದೂ ನಾಳೆಗೆ ತಳ್ಳುವವನನ್ನು ಎಚ್ಚರಿಸುವುದು ಹಿರಿಯರ ಧರ್ಮವೇ ಸರಿ. ಆದರೆ ಎಚ್ಚರಿಸುವ ಮುನ್ನ, ಎದುರಿಗಿರುವುದು ವಿನೋದವೋ, ವಿಶ್ರಾಂತಿಯೋ, ನಿರೀಕ್ಷೆಯೋ, ಕಾಲಹರಣವೋ ಎಂದು ವಿವೇಚಿಸಿ ತಕ್ಕ ಮಾತನ್ನು ಆರಿಸಬೇಕು. ವಿನೋದಕ್ಕೆ ಮಿತಿಯನ್ನು ಹೇಳಬಹುದು; ದಣಿದವರಿಗೆ ಬಿಡುವು ಕೊಡಬೇಕು; ಕಾಯುವವನಿಗೆ ಧೈರ್ಯ ಹೇಳಿ, ಕೂಡಿದಲ್ಲಿ ಒಂದು ಕಸಬಿಗೆ ದಾರಿ ತೋರಿಸಬೇಕು; ಗದರಿಕೆಯು ಕಾಲಹರಣ ಮಾಡುವವನೊಬ್ಬನಿಗೇ ಸಲ್ಲತಕ್ಕದ್ದು. ಟೈಂಪಾಸ್ ಎಂಬ ಶಬ್ದವನ್ನು ಕಡಲೆಕಾಯಿಯ ಪೊಟ್ಟಣಕ್ಕೆ ಬಿಟ್ಟುಕೊಟ್ಟರೆ ಯಾರಿಗೂ ನಷ್ಟವಿಲ್ಲ.