ಬಸ್ಸಾರು ಗೊತ್ತಿರುವ ಡಯಟೀಷಿಯನ್ ಬೇಕು
ಈ ವಾರ ಡಯಾಲಿಸಿಸ್ ವಾರ್ಡಿನಲ್ಲಿ ಡಯಟೀಷಿಯನ್ ಇಂಟರ್ನ್ ಹುಡುಗಿಯೊಬ್ಬಳು ಮಂಡ್ಯ ಕಡೆಯ ಅಜ್ಜಿಗೆ, ‘ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದುಬಿಡಿ ಅಜ್ಜಿ’ ಎನ್ನುತ್ತಿದ್ದಳು. ‘ದಿನಾ ಬಸಿಯೋದೇ ಕಣವ್ವ’ ಎಂದರು ಅಜ್ಜಿ. ಬಸಿದ ಕಟ್ಟಿನಲ್ಲೇ ಬಸ್ಸಾರು ಮಾಡುತ್ತಾರೆ. ಬಸಿದ ನೀರಿನ ಜೊತೆ ಹೊರಹೋಗಬೇಕಾದ ಪೊಟ್ಯಾಸಿಯಂ ಮತ್ತೆ ಮುದ್ದೆಯ ಜೊತೆ ಒಳಗೆ! ನೋಂದಾಯಿತ ಡಯಟೀಷಿಯನ್ ಆಗಲು ಪದವಿಯ ಜೊತೆಗೆ ಆರು ತಿಂಗಳ ಆಸ್ಪತ್ರೆ ಇಂಟರ್ನ್‌ಶಿಪ್ಪೂ ಬೇಕು. ವಾರ್ಡಿನಿಂದ ವಾರ್ಡಿಗೆ ಸುತ್ತುವ ಈ ಮಕ್ಕಳಿಗೆ ಐಸಿಯು ಎಂದರೆ ಹೆಮ್ಮೆ, ಅಡುಗೆಮನೆ ಪಾಳಿ ಎಂದರೆ ಬೇಸರ. ಐಸಿಯುನಲ್ಲಿ ಆಹಾರ ನಳಿಕೆಯಲ್ಲಿ, ಮಿಲಿಲೀಟರ್ ಲೆಕ್ಕದಲ್ಲಿ ಇಳಿಯುತ್ತದೆ. ಅದನ್ನು ಬದಲಿಸಲು ಅಲ್ಲಿ ಅಜ್ಜಿಯಿಲ್ಲ, ಸೊಸೆಯಿಲ್ಲ. ಆದರೆ ಮನೆಗೆ ಹೋದ ರೋಗಿಯ ಆಹಾರಪಟ್ಟಿಯನ್ನು ನಡೆಸುವವರು ಅವರೇ. ಹಾಗಾಗಿ ಅಡುಗೆಮನೆ ಪಾಳಿಯನ್ನೇ ಮೊದಲಿಗೆ ಹಾಕಿ, ಸೌಟು ಹಿಡಿಸಿ, ಆಮೇಲೆ ವಾರ್ಡಿಗೆ ಕಳಿಸಿ.