ಪೆಡಲ್ ಗಟ್ಟಿಯಾದರೆ ಮೊದಲು ಪೈಪ್ ನೋಡಿ

ಕಾರಿನ ಬ್ರೇಕ್ ಪೆಡಲ್ ಕೈಕೊಡೋದು ಎರಡು ರೀತಿ. ಒಂದು, ಪೆಡಲ್ ಮೆತ್ತಗಾಗಿ ನೆಲದವರೆಗೆ ಇಳಿಯುವುದು. ಬ್ರೇಕ್ ಆಯಿಲ್ ಸೋರಿರುತ್ತೆ, ಇಲ್ಲವೇ ಲೈನಿನಲ್ಲಿ ಗಾಳಿ ಸೇರಿರುತ್ತೆ. ಅಂಥ ಗಾಡಿಯನ್ನು ಒಂದು ಮಾರು ದೂರವೂ ಓಡಿಸಬಾರದು. ಇನ್ನೊಂದು, ಪೆಡಲ್ ಗಟ್ಟಿಯಾಗುವುದು. ಸೇಡಂನಲ್ಲಿರುವ ನಮ್ಮ ಕಾಕಾ ಫೋನಿನಲ್ಲಿ ಅದನ್ನು ನನಗಿಂತ ಚೆನ್ನಾಗಿ ಹೇಳಿದರು: "ಶಾಬಾದಿ ಫರಸಿ ಮ್ಯಾಲ ಕಾಲಿಟ್ಟಂಗ ಆಗ್ಲತ್ತದ ನೋಡಪಾ. ಒತ್ತಿದ್ರ ಇಳಿಯಲ್ಲ, ಗಾಡಿ ನಿಂದರಲ್ಲ."

ಅವರದು ಹನ್ನೆರಡು ವರ್ಷದ ಡೀಸೆಲ್ ಕಾರು. ಸೇಡಂ, ಚಿತ್ತಾಪುರ, ವಾಡಿ ಅಂತ ದಿನಾ ಸಿಮೆಂಟ್ ಲಾರಿಗಳ ಹಿಂದೆ ಓಡಾಟ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಬೂಸ್ಟರ್ ಹೋಗ್ಯದ, ಪೂರಾ ಬದ್ಲಿ ಮಾಡ್ಬೇಕು" ಅಂದಿದ್ದರಂತೆ. ನಮ್ಮ ಕಡೆ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಮಿಕ್ಸಿಯಿಂದ ಬೋರ್‌ವೆಲ್ ಮೋಟಾರ್‌ವರೆಗೆ ಎಲ್ಲಾ ಗೊತ್ತಿರುವವ. ಹಾಗಾಗಿ ನನಗೆ ಫೋನ್.

ಬೂಸ್ಟರ್ ಅಂದರೆ ಪೆಡಲ್ ಹಿಂದೆ, ಬಾನೆಟ್ ಒಳಗೆ ಕಾಣುವ ಕಪ್ಪು ಡಬ್ಬಿ. ಒಳಗೊಂದು ರಬ್ಬರ್ ಡಯಾಫ್ರಂ. ಇಂಜಿನ್ ಓಡುವಾಗ ಡಬ್ಬಿಯ ಗಾಳಿಯನ್ನು ಹೀರಿ ವ್ಯಾಕ್ಯೂಮ್ ಮಾಡಿಟ್ಟಿರುತ್ತೆ. ನೀವು ಪೆಡಲ್ ಒತ್ತಿದ ಕೂಡಲೇ ಡಯಾಫ್ರಂನ ಒಂದು ಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ತಳ್ಳುತ್ತೆ. 23 ಸೆಂ.ಮೀ. ಅಗಲದ ಡಯಾಫ್ರಂ ಅಂದರೆ 415 ಚದರ ಸೆಂ.ಮೀ.; ಒಂದೊಂದು ಚದರ ಸೆಂ.ಮೀ. ಮೇಲೆ 0.7 ಕೆ.ಜಿ. ಒತ್ತಡದ ವ್ಯತ್ಯಾಸ ಸಿಕ್ಕರೂ ಲೆಕ್ಕಕ್ಕೆ 290 ಕೆ.ಜಿ. ಬಲ. ಇಷ್ಟು ಸಹಾಯ ತಪ್ಪಿದಾಗ ಕಾಲಿಗೆ ಕಲ್ಲು ಸಿಕ್ಕಂತಾಗುತ್ತೆ. ಬ್ರೇಕ್ ಆಯಿಲ್, ಪ್ಯಾಡ್ ಎಲ್ಲಾ ಕೆಲಸ ಮಾಡುತ್ತಲೇ ಇರುತ್ತವೆ. ಆದರೆ ಪೂರ್ತಿ ಬಲ ನಿಮ್ಮ ಕಾಲಿನದೇ.

ವಾಡಿ ಜಂಕ್ಷನ್ ನೋಡಿ ಬೆಳೆದವರಿಗೆ ವ್ಯಾಕ್ಯೂಮ್ ಬ್ರೇಕ್ ಹೊಸದಲ್ಲ. ಹಳೆಯ ರೈಲುಗಳಲ್ಲಿ ಅದೇ ಇತ್ತು, ಆದರೆ ಉಲ್ಟಾ. ರೈಲಿನಲ್ಲಿ ವ್ಯಾಕ್ಯೂಮ್ ಹೋದರೆ ಬ್ರೇಕ್ ತಾನಾಗಿ ಬೀಳುತ್ತೆ. ಚೈನ್ ಎಳೆದರೆ ಆಗುತ್ತಿದ್ದದ್ದು ಅದೇ. ಈಗಿನ ಏರ್ ಬ್ರೇಕ್ ಲಾರಿಯಲ್ಲೂ ಗಾಳಿ ಪೂರ್ತಿ ಇಳಿದರೆ ಸ್ಪ್ರಿಂಗ್ ಬ್ರೇಕ್ ಹಿಡಿದು ಗಾಡಿ ನಿಲ್ಲುತ್ತೆ. ಕಾರಿಗೆ ಆ ಭಾಗ್ಯ ಇಲ್ಲ, ವ್ಯಾಕ್ಯೂಮ್ ಹೋದರೆ ಗಾಡಿ ತನ್ನ ಪಾಡಿಗೆ ಹೋಗುತ್ತಿರುತ್ತೆ.

ಬೂಸ್ಟರ್ ಬಿಚ್ಚುವ ಮೊದಲು ಮನೆ ಮುಂದೆಯೇ ಮಾಡಬಹುದಾದ ಪರೀಕ್ಷೆಗಳಿವೆ. ಸಮತಟ್ಟು ಜಾಗ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಇಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ಒತ್ತಿ. ಉಳಿದ ವ್ಯಾಕ್ಯೂಮ್ ಖರ್ಚಾಗಿ ಗಟ್ಟಿಯಾಗುತ್ತೆ. ಕಾಲು ತೆಗೆಯದೆ ಇಂಜಿನ್ ಸ್ಟಾರ್ಟ್ ಮಾಡಿ. ಎಲ್ಲಾ ಸರಿ ಇದ್ದರೆ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿದೂ ಗಾಡಿ ನಿಲ್ಲುತ್ತಿಲ್ಲವಾದರೆ ತಕರಾರು ಚಕ್ರದ ಕಡೆ: ಮೇಲ್ಮೈ ಸುಟ್ಟು ನುಣುಪಾದ ಪ್ಯಾಡ್, ಇಲ್ಲವೇ ಧೂಳು ಕೂತು ಹಿಡಿದುಕೊಂಡ ಕ್ಯಾಲಿಪರ್ ಪಿನ್. ಶಹಾಬಾದಿನ ಕಲ್ಲಿನ ಪುಡಿಯಲ್ಲಿ ಓಡುವ ಗಾಡಿಗಳಿಗೆ ಎರಡನೆಯದನ್ನು ಮರೆಯದೆ ನೋಡಿಸಿ.

ಕಾಕಾ ವಿಡಿಯೋ ಕಾಲ್‌ನಲ್ಲಿ ಮಾಡಿ ತೋರಿಸಿದರು. ಐಡಲ್‌ನಲ್ಲಿ ಪೆಡಲ್ ಅಲ್ಲಾಡಲಿಲ್ಲ. ಆಕ್ಸಿಲರೇಟರ್ ಕೊಟ್ಟಾಗ ಬೆರಳಷ್ಟು ಇಳಿಯಿತು. ಅಂದರೆ ವ್ಯಾಕ್ಯೂಮ್ ಹುಟ್ಟುತ್ತಿದೆ, ಸಾಕಷ್ಟು ತಲುಪುತ್ತಿಲ್ಲ.

ಮುಂದೆ ಎರಡನೇ ಪರೀಕ್ಷೆ. ಒಂದೆರಡು ನಿಮಿಷ ಇಂಜಿನ್ ರೇಸ್ ಮಾಡಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಪೆಡಲ್ ಒತ್ತಿ ಅಂದೆ. ಮೊದಲ ಎರಡು ಸಲ ಮೆತ್ತಗಿತ್ತು, ಆಮೇಲೆ ಗಟ್ಟಿ. ಆ ಎರಡು ಮೆತ್ತನೆಯ ಒತ್ತುಗಳಲ್ಲೇ ಅರ್ಧ ಉತ್ತರ ಸಿಕ್ಕಿತು. ಬೂಸ್ಟರ್ ಬಾಯಲ್ಲಿ ಒಂದು ಚೆಕ್ ವಾಲ್ವ್ ಇರುತ್ತೆ, ಗಾಳಿ ಬೂಸ್ಟರ್‌ನಿಂದ ಇಂಜಿನ್ ಕಡೆ ಮಾತ್ರ ಹೋಗಬೇಕು, ವಾಪಸ್ ಬರಬಾರದು. ಐದು ನಿಮಿಷ ವ್ಯಾಕ್ಯೂಮ್ ಉಳಿದಿದೆ ಅಂದರೆ ವಾಲ್ವೂ ಸರಿ, ಡಬ್ಬಿಯೂ ಸೋರುತ್ತಿಲ್ಲ. ಬದಲಿಸಬೇಕು ಅಂದಿದ್ದ ಬೂಸ್ಟರ್ ನಿರಪರಾಧಿ! (ಪೆಡಲ್ ಒತ್ತಿ ಹಿಡಿದಾಗ ಡ್ಯಾಶ್‌ಬೋರ್ಡ್ ಕೆಳಗೆ ಎಡೆಬಿಡದೆ 'ಸ್ಸ್' ಅನ್ನುತ್ತಿದ್ದರೆ ಮಾತ್ರ ಡಯಾಫ್ರಂ ಮೇಲೆ ಅನುಮಾನ ಪಡಬೇಕು.)

ಉಳಿದದ್ದು ವಾಲ್ವಿನಿಂದ ಆಚೆಗಿನ ಹಾದಿ. ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇನ್‌ಟೇಕ್ ಮ್ಯಾನಿಫೋಲ್ಡಿನಿಂದಲೇ ವ್ಯಾಕ್ಯೂಮ್ ಸಿಗುತ್ತೆ. ಡೀಸೆಲ್‌ನಲ್ಲಿ ಅಷ್ಟು ಸಿಗುವುದಿಲ್ಲ; ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತೆ, ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರ್ ಬೆನ್ನಿಗೆ ಅಥವಾ ಕ್ಯಾಮ್‌ಶಾಫ್ಟ್ ತುದಿಗೆ. ಕೋಡಿನಲ್ಲಿ ಬಗ್ ಹುಡುಕುವಾಗ ನಾವು ಮಧ್ಯದಲ್ಲಿ ಕತ್ತರಿಸಿ ಯಾವ ಅರ್ಧದಲ್ಲಿದೆ ಅಂತ ನೋಡ್ತೀವಲ್ಲ, ಇಲ್ಲೂ ಅದೇ. ಕಾಕಿ ಸ್ಟಾರ್ಟ್ ಮಾಡಿ ಕೂತರು. ಕಾಕಾ ಬೆಲ್ಟ್, ಫ್ಯಾನಿನಿಂದ ದೂರ ಕೈ ಇಟ್ಟು ಪಂಪಿನ ಬಾಯಿಗೆ ಹೆಬ್ಬೆರಳು ಇಟ್ಟರು. ಗಟ್ಟಿ ಎಳೆತ. ಹೋಸ್ ಮತ್ತೆ ಪಂಪಿಗೆ ಸೇರಿಸಿ ಬೂಸ್ಟರ್ ಕಡೆಯ ತುದಿಗೆ ಇಟ್ಟರು. "ಇಲ್ಲಿ ಏನೂ ಜೋರೇ ಇಲ್ಲಪಾ." ಹೋಸ್ ಬಿಚ್ಚಿ ಬಗ್ಗಿಸಿದಾಗ ಇಂಜಿನ್ ಪಕ್ಕದ ಬಾಗಿನ ಅಡಿಯಲ್ಲಿ ಉದ್ದಕ್ಕೆ ಸೀಳು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಅದರ ಮೇಲೆ ಇಂಜಿನ್ ಕಾವು ಬೇರೆ. ಹನ್ನೆರಡು ವರ್ಷದ ರಬ್ಬರ್ ಎಷ್ಟಂತ ತಾಳುತ್ತೆ? ಹೊಸ ಹೋಸ್, ಎರಡು ಕ್ಲಿಪ್. ಬೂಸ್ಟರಿಗೆ ಹೇಳಿದ್ದ ಅಂದಾಜಿನಲ್ಲಿ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ. ಮೊದಲ ಪರೀಕ್ಷೆ ಮತ್ತೆ ಮಾಡಿಸಿದೆ, ಪೆಡಲ್ ಇಳಿಯಿತು. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ನಾಲ್ಕು ಸಲ ಬ್ರೇಕ್ ಹಾಕಿ ನೋಡಿದ್ದಾಯಿತು.

ಕಾಕಾನ ಇನ್ನೊಂದು ಅಭ್ಯಾಸದ ಬಗ್ಗೆ ನನಗೆ ಹೆಚ್ಚು ಚಿಂತೆ. ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತೆ ಅಂತ ಇಂಜಿನ್ ಆಫ್ ಮಾಡಿ ಬಿಡೋದು. ಆಗ ಎರಡು ಮೂರು ಒತ್ತಿಗೆ ಮಾತ್ರ ವ್ಯಾಕ್ಯೂಮ್. ನಾಲ್ಕನೆಯದಕ್ಕೆ ಅದೇ ಫರಸಿ ಕಲ್ಲು, ಸ್ಟೇರಿಂಗೂ ಗಟ್ಟಿ. ಈಗಿನ ಇಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನು ತಾವೇ ನಿಲ್ಲಿಸುತ್ತವೆ, ಹಾಗಾಗಿ ಉಳಿತಾಯವೂ ಸುಳ್ಳು. ಇದನ್ನು ಕಾಕಾಗೆ ಹೇಳಿದೆ. "ಆಯ್ತು ಬಿಡಪಾ" ಅಂದರು. ಬಿಟ್ಟಿದ್ದಾರೋ ಇಲ್ಲವೋ ಕಾಕಿನೇ ಹೇಳಬೇಕು.

ಓಡುವಾಗಲೇ ಪೆಡಲ್ ಗಟ್ಟಿಯಾದರೆ ಪದೇ ಪದೇ ಒತ್ತಿ ಬಿಡಬೇಡಿ, ಪ್ರತಿ ಒತ್ತೂ ಉಳಿದ ವ್ಯಾಕ್ಯೂಮ್ ತಿನ್ನುತ್ತೆ. ಒಂದೇ ಸಲ, ಬೇಕಾದರೆ ಎರಡೂ ಕಾಲು ಹಾಕಿ, ಬಲವಾಗಿ ಒತ್ತಿ ಹಿಡಿಯಿರಿ. ಅದಕ್ಕೂ ನಿಲ್ಲದಿದ್ದರೆ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಇಂಜಿನ್ ಮಾತ್ರ ಆಫ್ ಮಾಡಬೇಡಿ.

ಹೋಸ್ ಕೊಳ್ಳುವಾಗ ಬ್ರೇಕ್ ವ್ಯಾಕ್ಯೂಮ್ ಹೋಸ್ ಅಂತಲೇ ಕೇಳಿ ತಗೊಳ್ಳಿ. ಅಂಗಡಿಯವರು "ಇದೂ ನಡೀತದ್ರಿ" ಅಂತ ಮಾಮೂಲಿ ನೀರಿನ ಪೈಪ್ ತುಂಡು ಕೊಟ್ಟರೆ ಬೇಡ ಅನ್ನಿ. ಒಳಗಿನ ಎಳೆತಕ್ಕೆ ಅದು ಚಪ್ಪಟೆಯಾಗಿ ದಾರಿಯೇ ಮುಚ್ಚಿಹೋಗಬಹುದು.